ಹಳದಿ ಸದಾ, ಕೆಂಪು ಕೀ ಇದ್ದಾಗ

ನಮ್ಮ ಮನೆಯಲ್ಲಿ ಕತ್ತರಿಗೆ ಕೆಲಸ ಕಡಿಮೆ. ಬೇಕರಿಯಿಂದ ಖಾರಾಬೂಂದಿಯ ಪೊಟ್ಟಣ ಬಂದರೆ ಅದರ ದಾರವನ್ನು ಕತ್ತರಿಸಲು ಅಪ್ಪ ಬಿಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಗಂಟಿನ ಹೊಟ್ಟೆಗೆ ಉಗುರು ತೂರಿಸಿ, ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವವರ ಹಾಗೆ ಅದನ್ನು ಮೆಲ್ಲಗೆ ಸಡಿಲಿಸುತ್ತಿದ್ದರು. ನಾವು ಮಕ್ಕಳು ತಟ್ಟೆ ಹಿಡಿದು ಸುತ್ತ ಕೂತಿರುತ್ತಿದ್ದೆವು. ಗಂಟು ಬಿಡುವ ಹೊತ್ತಿಗೆ ಕಾಫಿ ಆರಿರುತ್ತಿತ್ತು. ಬಿಚ್ಚಿದ ದಾರ ಒಂದು ಉಂಡೆಗೆ ಸೇರುತ್ತಿತ್ತು. ನಾನು ಹೈಸ್ಕೂಲು ಮುಗಿಸುವಾಗ ಮೂಸಂಬಿಯಷ್ಟಿದ್ದ ಉಂಡೆ ನನ್ನ ಮದುವೆಯ ವೇಳೆಗೆ ತೆಂಗಿನಕಾಯಿಯಷ್ಟಾಗಿತ್ತು. ಅದರಿಂದ ಅವರು ಏನನ್ನಾದರೂ ಕಟ್ಟಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

"ಒರಿಜಿನಲ್ ಮೇಲೆ ಕೈ ಮಾಡಬಾರದು ಕಣೋ," ಎನ್ನುತ್ತಿದ್ದರು. ಮೈಸೂರಿನ ಡಿ.ಸಿ. ಕಚೇರಿಯಲ್ಲಿ ಲೆಕ್ಕ ಬರೆದು ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಅವರ ಕಣ್ಣಿಗೆ ಖಾರಾಬೂಂದಿಯ ದಾರವೂ ಒಂದು ಮೂಲ ದಾಖಲೆ.

ಇಂಥವರು ನಿವೃತ್ತಿಗೆ ನಾಲ್ಕು ವರ್ಷ ಇದೆ ಎನ್ನುವಾಗ, 1999ರಲ್ಲಿ, ಒಂದು ಪುಟ್ಟ ಬಿಳಿ ಕಾರು ಕೊಂಡರು. ಊರ ತುಂಬ ಮಾರುತಿ 800 ಓಡಾಡುತ್ತಿದ್ದ ಕಾಲ. ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂಬುದು ಮನೆಯವರ ನಂಬಿಕೆ. ಆ ನಂಬಿಕೆಗೆ ಇದ್ದ ಆಧಾರಗಳಲ್ಲಿ ಮುಖ್ಯವಾದದ್ದು ಕಂಪನಿಯವರೇ ಕೂರಿಸಿಕೊಟ್ಟಿದ್ದ ಕ್ಯಾಸೆಟ್ ಸೆಟ್ಟು. ಎರಡು ಗುಂಡಿ, ನಡುವೆ ಕ್ಯಾಸೆಟ್ ನುಂಗುವ ಬಾಯಿ, ಹಸಿರು ಬೆಳಕಿನ ಗಡಿಯಾರ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮೈಸೂರು ಅನಂತಸ್ವಾಮಿ, ಅಶ್ವತ್ಥ್, ಗುರುರಾಜುಲು ನಾಯ್ಡು ಎಲ್ಲರೂ ಇದ್ದರು. ಆದರೆ ಅಪ್ಪ ಹಾಕುತ್ತಿದ್ದದ್ದು ಒಂದೇ ಕ್ಯಾಸೆಟ್ಟು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡದ್ದು, ದಾಸರ ಹೆಸರು ಉಜ್ಜಿಹೋಗಿದ್ದದ್ದು, ಹರಿಶ್ಚಂದ್ರನ ಹರಿಕಥೆ.

ಕುವೆಂಪುನಗರದ ಮನೆಯಿಂದ ಬಲ್ಲಾಳ್ ಸರ್ಕಲ್ ದಾಟಿ ಕಚೇರಿಗೆ ಅಪ್ಪನ ವೇಗದಲ್ಲಿ ಸರಿಯಾಗಿ ಹದಿನೈದು ನಿಮಿಷ. ಆ ಕಡೆಯೇ ನನಗೂ ಒಂದು ತಾತ್ಕಾಲಿಕ ಕೆಲಸ ಸಿಕ್ಕಿದ್ದರಿಂದ ಪಕ್ಕದ ಸೀಟು ನನ್ನದು. ಬೆಳಿಗ್ಗೆ ಕಾರು ಹತ್ತಿದ ಕೂಡಲೇ ಅವರು ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತುತ್ತಿದ್ದರು. ನಿನ್ನೆ ನಿಂತಲ್ಲಿಂದ ಕೇಳಬಹುದಲ್ಲ ಅಂದರೆ, "ಗಣಪತಿ ಸ್ತುತಿ ಬಿಟ್ಟು ಮಧ್ಯದಿಂದ ಕೇಳೋದಾ?" ಎಂದು ನನ್ನನ್ನು ನಾಸ್ತಿಕನಂತೆ ನೋಡುತ್ತಿದ್ದರು. ಹಾಗಾಗಿ ದಿನವೂ ಸ್ತುತಿ, ದಿನವೂ ಪೀಠಿಕೆ, ದಿನವೂ ವಿಶ್ವಾಮಿತ್ರರ ಕೋಪ. ಹರಿಶ್ಚಂದ್ರ ರಾಜ್ಯ ಧಾರೆಯೆರೆದು, ಹೆಂಡತಿ ಮಗನ ಕೈ ಹಿಡಿದು ಊರಬಾಗಿಲು ದಾಟುವ ಹೊತ್ತಿಗೆ ಕಚೇರಿಯ ಗೇಟು ಬರುತ್ತಿತ್ತು. ಅಪ್ಪನ ಕೈ ಗುಂಡಿಗೆ ಹೋಗುತ್ತಿತ್ತು. ದಾಸರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ಬಂತಲ್ಲ, ಇಳಿ," ಎನ್ನುತ್ತಿದ್ದರು.

ಸಂಜೆ ಸೆಟ್ಟು ಹಾಕುವಂತಿರಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ತರಬೇಕಾದದ್ದರ ಬಗ್ಗೆ ಅಮ್ಮ ಕೊಟ್ಟ ಚೀಟಿಯನ್ನು ಅವರು ಮನಸ್ಸಿನಲ್ಲೇ ತಾಳೆ ನೋಡುತ್ತಿರುತ್ತಿದ್ದರು. ಹೀಗಾಗಿ ನಮ್ಮ ಹರಿಶ್ಚಂದ್ರ ವರ್ಷಾನುಗಟ್ಟಲೆ ಕಾಶಿ ಮುಟ್ಟಲೇ ಇಲ್ಲ. ದಸರಾ ಸಮಯದಲ್ಲಿ ರಸ್ತೆ ಕಟ್ಟಿಕೊಂಡಾಗ ಮಾತ್ರ ಒಂದೆರಡು ಸಲ ಮುಟ್ಟಿದ್ದುಂಟು. ಅಂಥ ದಿನ, ಸಾಲ ವಸೂಲಿಗೆ ಬೆನ್ನುಬಿದ್ದ ನಕ್ಷತ್ರಿಕನನ್ನು ನಾನು ಬೈದರೆ ಅಪ್ಪ ಗಂಭೀರವಾಗುತ್ತಿದ್ದರು. "ಅವನು ನೌಕರ ಕಣೋ. ಮೇಲಿನವರು ಹೇಳಿದ್ದನ್ನ ಮಾಡ್ತಾನೆ. ಟಿ.ಎ., ಡಿ.ಎ. ಏನಾದ್ರೂ ಕೊಟ್ಟಿದ್ದಾರಾ ಅವನಿಗೆ?"

2003ರಲ್ಲಿ ಅವರಿಗೆ ನಿವೃತ್ತಿಯಾಯಿತು. ಅಮ್ಮ ತೀರಿಕೊಂಡ ಮೇಲೆ ಅಪ್ಪ, ಕಾರಿನ ಸಮೇತ, ಬೆಂಗಳೂರಿಗೆ ನಮ್ಮ ಮನೆಗೆ ಬಂದರು. ಕಾರು ಈಗ ನನ್ನ ಕೈಗೆ ಬಂದಿತ್ತು. ಹಿಂದಿನ ಸೀಟು ಮಗಳದು. ಅವಳಿಗೆ ತನ್ನ ಫೋನಿನ ಹಾಡು ಕಾರಿನಲ್ಲಿ ಕೇಳಬೇಕು. ಕ್ಯಾಸೆಟ್ಟು ಎಂದರೇನು ಎಂದು ಕೇಳಿ, ತೋರಿಸಿದ ಮೇಲೆ, ಇದರೊಳಗೆ ರೆಯ್ನಾಲ್ಡ್ಸ್ ಪೆನ್ನು ಯಾಕೆ ತೂರಿಸುತ್ತಿದ್ದಿರಿ ಎಂದು ಕೇಳಿ, ಕೊನೆಗೆ "ಪಾಪ ನೀವು" ಎಂದಿದ್ದಳು. ಹೊಸ ಸೆಟ್ಟು ಹಾಕಿಸುವುದೆಂದು 2019ರ ಒಂದು ಶನಿವಾರ ಜೆ.ಸಿ. ರಸ್ತೆಗೆ ಹೊರಟೆವು. ಅಪ್ಪನೂ ಬಂದರು. ಅವರ ಷರತ್ತು ಎರಡೇ: ಒಂದು ವೈರೂ ಕತ್ತರಿಸಕೂಡದು, ಒಂದು ತೂತೂ ಕೊರೆಯಕೂಡದು.

ಜೆ.ಸಿ. ರಸ್ತೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಕಾರು ನಿಧಾನ ಮಾಡಿದರೆ ಸಾಕು, ಕಾಶಿಯಲ್ಲಿ ಪಂಡರು ಯಾತ್ರಿಕರನ್ನು ಮುತ್ತುವ ಹಾಗೆ ಹುಡುಗರು ಮುತ್ತುತ್ತಾರೆ. ಸೀಟ್ ಕವರ್ ಸಾರ್, ಮ್ಯಾಟ್ ಸಾರ್, ಹಾರ್ನ್ ಸಾರ್. ನಮ್ಮನ್ನು ಗೆದ್ದ ಹುಡುಗನಿಗೆ ಇಪ್ಪತ್ತು ವರ್ಷ ಇರಬೇಕು, ಕಾರಿನದೇ ವಯಸ್ಸು. ಎರಡು ನಿಮಿಷದಲ್ಲಿ ಹಳೆಯ ಸೆಟ್ಟನ್ನು ಹೊರಗೆಳೆದ. ಅದರ ಬೆನ್ನಿಂದ ಬಣ್ಣಬಣ್ಣದ ವೈರುಗಳ ಒಂದು ಜಡೆ, ಜಡೆಯ ತುದಿಗೆ ಕುಚ್ಚಿನ ಹಾಗೆ ಪ್ಲಾಸ್ಟಿಕ್ಕಿನ ಕಪ್ಲರ್. ಇಪ್ಪತ್ತು ವರ್ಷದಲ್ಲಿ ಆ ಜಾಗ ಮೊದಲ ಸಲ ಬೆಳಕು ಕಂಡಿತ್ತು. ಹುಡುಗ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಬಲಗೈ ಪ್ಲೈಯರಿಗೆ ಚಾಚಿದ.

"ಏಯ್ ಏಯ್ ಏಯ್," ಎಂದರು ಅಪ್ಪ.

"ಏನಿಲ್ಲ ತಾತ. ಈ ಕಪ್ಲರ್ ಹೊಸ ಸೆಟ್ಟಿಗೆ ಆಗಲ್ಲ. ಕಟ್ ಮಾಡಿ ಜಾಯಿಂಟ್ ಹೊಡೆದ್ರೆ ಹತ್ತು ನಿಮಿಷ. ಟೇಪ್ ಸುತ್ತಿಬಿಡ್ತೀನಿ." ಹೇಳುತ್ತಲೇ ಹೊಸ ಸೆಟ್ಟಿನ ವೈರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿದ. ನಾಲ್ಕೈದು ತಾಮ್ರದ ಎಳೆ ಅವನ ತುಟಿಗೆ ಅಂಟಿಕೊಂಡಿದ್ದವು.

"ಹಲ್ಲು ಉದುರಿದ್ರೆ ಅದಕ್ಕೆ ಕಪ್ಲರ್ ಸಿಗುತ್ತಾ ಮರೀ?" ಎಂದರು ಅಪ್ಪ.

ಹುಡುಗ ಹೇಳಿದ್ದು ಸುಳ್ಳಲ್ಲ. ಹಾಗೆಯೇ ಎಲ್ಲರೂ ಮಾಡುತ್ತಿದ್ದರು. ಆದರೆ ಆಮೇಲಿನ ಕಥೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಕಾದು ಇನ್ಸುಲೇಷನ್ ಟೇಪಿನ ಅಂಟು ಕರಗುತ್ತದೆ. ಟೇಪು ಬಿಚ್ಚಿಕೊಳ್ಳುತ್ತದೆ. ಒಂದು ದಿನ ಎರಡು ಬರಿಯ ತಾಮ್ರ ಒಂದಕ್ಕೊಂದು ತಾಗಿ ಫ್ಯೂಸು ಹೋಗುತ್ತದೆ. ಮುಂದಿನ ಸೆಟ್ಟು ಹಾಕುವವನು ಹಳೆಯ ಜಾಯಿಂಟನ್ನು ಕಡಿದು ಹೊಸದು ಹಾಕುತ್ತಾನೆ, ವೈರು ಒಂದಿಂಚು ಮೊಟಕಾಗುತ್ತದೆ. ಮೂರು ಸೆಟ್ಟು ಕಂಡ ಕಾರಿನಲ್ಲಿ ವೈರಿನ ತುದಿ ಡ್ಯಾಶ್‌ಬೋರ್ಡಿನ ಬಿಲದೊಳಗೆ ಎಲ್ಲೋ ಅಡಗಿ ಕೈಗೇ ಸಿಗುವುದಿಲ್ಲ. ಕತ್ತರಿಸಿ ಎಸೆದ ಕಂಪನಿಯ ಕಪ್ಲರಂತೂ ಮತ್ತೆ ಬರುವುದಿಲ್ಲ.

ಇದಕ್ಕೆ ಪರಿಹಾರ ಗೇಣುದ್ದದ್ದು. ಒಂದು ತುದಿ ಕಾರಿನ ಕಪ್ಲರಿಗೆ ಕೂರುತ್ತದೆ, ಇನ್ನೊಂದು ಹೊಸ ಸೆಟ್ಟಿಗೆ. ಅಡಾಪ್ಟರ್ ಎನ್ನುತ್ತಾರೆ. ಇಬ್ಬರ ಭಾಷೆಯೂ ಬಲ್ಲ ದುಭಾಷಿ. ಗಲ್ಲಾದಲ್ಲಿದ್ದ ಯಜಮಾನರು ಅದಕ್ಕೆ 350 ರೂಪಾಯಿ ಎಂದಾಗ ಅಪ್ಪ ಲೆಕ್ಕಿಗರಾದರು. "ಕತ್ತರಿಸೋದಕ್ಕೆ ಎಷ್ಟು?"

"ಅದು ಫಿಟಿಂಗ್ ಚಾರ್ಜಲ್ಲೇ ಬಂತು ಸಾರ್, ಫ್ರೀ."

"ಕತ್ತರಿಸೋದು ಫ್ರೀ. ಕತ್ತರಿಸದೇ ಇರೋದಕ್ಕೆ 350." ಅಪ್ಪ ಒಂದು ಕ್ಷಣ ಆಕಾಶ ನೋಡಿದರು. ಆಮೇಲೆ ತಮ್ಮ ಪರ್ಸಿನಿಂದಲೇ ಕೊಟ್ಟರು. ಯಾವತ್ತೂ ಚೌಕಾಸಿ ಬಿಡದವರು ಅಂದು ಚೌಕಾಸಿ ಮಾಡಲಿಲ್ಲ.

ಅಡಾಪ್ಟರನ್ನು ಹುಡುಗ ಬಾನೆಟ್ಟಿನ ಮೇಲೆ ಹರಡಿ ಅಪ್ಪನಿಗೆ ಪಾಠ ಹೇಳಿದ. ಅಷ್ಟು ಹೊತ್ತಿಗೆ ಅವರಿಬ್ಬರಿಗೂ ಸ್ನೇಹವಾಗಿತ್ತು. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ. ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿ ಬಣ್ಣಕ್ಕೂ ಒಂದೊಂದು ಜೋಡಿ, ಜೋಡಿಯಲ್ಲೊಂದಕ್ಕೆ ಕಪ್ಪು ಗೆರೆ. ಸತ್ಯನಾರಾಯಣ ಪೂಜೆಗೆ ಕೂತ ದಂಪತಿಗಳ ಹಾಗೆ. ಅಪ್ಪ ಕರೆಂಟ್ ಬಿಲ್ಲಿನ ಹಿಂಬದಿಗೆ ಎಲ್ಲವನ್ನೂ ಬರೆದುಕೊಂಡರು. ಕೊನೆಯ ಮೂರು ಸಾಲು ನನಗೆ ಈಗಲೂ ಬಾಯಿಗೆ ಬರುತ್ತದೆ:

ಹಳದಿ – ಸದಾ.
ಕೆಂಪು – ಕೀ ಇದ್ದಾಗ.
ಕಪ್ಪು – ಭೂಮಿ.

ಹಳದಿ ವೈರಿಗೆ ಬ್ಯಾಟರಿಯಿಂದ ಹಗಲು ರಾತ್ರಿ 12 ವೋಲ್ಟು ಬರುತ್ತಲೇ ಇರುತ್ತದೆ, ಕಾರು ಮಲಗಿದ್ದಾಗಲೂ. ಗಡಿಯಾರ, ಆರಿಸಿಟ್ಟ ಸ್ಟೇಷನ್ನುಗಳು, ಎಷ್ಟು ಜೋರಾಗಿ ಇಟ್ಟಿದ್ದೆವು ಎಂಬುದು, ಎಲ್ಲವನ್ನೂ ಸೆಟ್ಟು ನೆನಪಿಟ್ಟುಕೊಳ್ಳುವುದು ಅದರ ಕೃಪೆಯಿಂದ. ಕೆಂಪಿನದು ಕೀ ತಿರುಗಿಸಿದಾಗ ಎಬ್ಬಿಸುವ ಕೆಲಸ ಮಾತ್ರ.

ಹೊಸ ಸೆಟ್ಟು ಹಳೆಯದರ ಕಿಂಡಿಯಲ್ಲೇ ಕೂತಿತು. ಆ ಕಿಂಡಿಯ ಅಳತೆಯನ್ನು ಜರ್ಮನಿಯವರು ಎಂದೋ ಗೊತ್ತುಮಾಡಿದರು, 180 ಮಿಲಿಮೀಟರ್ ಅಗಲ, 50 ಎತ್ತರ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಕಿಂಡಿ ಹಾಗೆಯೇ ಉಳಿಯಿತು. ಮಗಳ ಒತ್ತಾಯಕ್ಕೆ ಸೀಟಿನ ಅಡಿಗೆ ಒಂದು ಚಿಕ್ಕ ಆಂಪ್ಲಿಫೈಯರೂ ಬಂತು. ಬ್ಯಾಟರಿಯಿಂದ ಅದಕ್ಕೆ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಎಂಜಿನ್ನಿನ ಹಿಂದಿನ ತಗಡಿಗೆ ತೂತು ಕೊರೆಯದೆ, ಮೊದಲೇ ಇದ್ದ ರಬ್ಬರ್ ಬಿರಡೆಯ ಸಂದಿಯಲ್ಲಿ ಅದನ್ನು ತೂರಿಸಿದ್ದಾಯಿತು. ಅಪ್ಪ ಟಾರ್ಚು ಹಿಡಿದರು.

ಸೆಟ್ಟು ಹಾಡಿತು. ಹಾಡಿನ ಹಿಂದೆ ಯಾರೋ ತಂಬೂರಿ ಮೀಟುತ್ತಿರುವಂತೆ ಒಂದು ಗುಂಯ್. ಆಕ್ಸಿಲರೇಟರ್ ಒತ್ತಿದರೆ ತಂಬೂರಿಯ ಮನೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. "ಶ್ರುತಿ ಸೇರಿಸಿಕೊಡ್ತಾರೇನೋ ಈಗಿನ ಸೆಟ್ಟಲ್ಲಿ," ಎಂದು ಅಪ್ಪ ತಲೆದೂಗಿದರು. ಹುಡುಗ ತಲೆ ಕೆರೆದುಕೊಂಡ. ಆಂಪ್ಲಿಫೈಯರಿನ ಅರ್ತನ್ನು ಪೇಂಟಿನ ಮೇಲೆಯೇ ಕಚ್ಚಿಸಿದ್ದ. ಭೂಮಿ ಸರಿಯಾಗಿ ಸಿಗದೆ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಸುಳಿತ್ತು. ಸೀಟಿನ ಬೋಲ್ಟಿನ ಬುಡದಲ್ಲಿ ರೂಪಾಯಿಯಗಲ ಪೇಂಟು ಕೆರೆದು ಬರಿಯ ಲೋಹಕ್ಕೆ ಕೂರಿಸಿದ ಮೇಲೆ ತಂಬೂರಿ ನಿಂತಿತು. ಆ ಕೆರೆದದ್ದನ್ನು ಅಪ್ಪನಿಗೆ ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ವಾಪಸು ಬರುವಾಗ ಮಗಳು ಫೋನು ನೋಡಿ, ಕಾರಿಗೆಂದು ರೇಡಿಯೊ ಮಾಡಿ 1930ರಲ್ಲಿ ಅದಕ್ಕೆ ಮೊಟೊರೊಲ ಎಂದು ಹೆಸರಿಟ್ಟವರು ಅಮೆರಿಕದ ಗ್ಯಾಲ್ವಿನ್ ಸಹೋದರರು ಎಂದು ಓದಿ ಹೇಳಿದಳು. ಅಪ್ಪ ಸುಮ್ಮನಿರಲಿಲ್ಲ. 1935ರಲ್ಲಿ ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದು, ಆಕಾಶವಾಣಿ ಎಂಬ ಮಾತು ಅಲ್ಲಿಂದ ಇಡೀ ದೇಶಕ್ಕೆ ಹೋದದ್ದು, ಎಲ್ಲ ಹೇಳಿ, "ಪೆಟ್ಟಿಗೆ ಅವರದು, ಹೆಸರು ನಮ್ಮದು," ಎಂದು ಮುಗಿಸಿದರು. ಆಮೇಲೆ ಹೊಸ ಸೆಟ್ಟನ್ನು ಬೆರಳಿನಿಂದ ತಡವಿ, "ಕ್ಯಾಸೆಟ್ಟು ಎಲ್ಲಿ ಹಾಕೋದು?" ಎಂದರು.

ಎರಡು ದಿನದಲ್ಲಿ ಒಂದು ಕಿರಿಕಿರಿ ಶುರುವಾಯಿತು. ಕೀ ತೆಗೆದು ಮತ್ತೆ ಹಾಕಿದರೆ ಸೆಟ್ಟಿಗೆ ಏನೂ ನೆನಪಿರುತ್ತಿರಲಿಲ್ಲ. ಗಡಿಯಾರ 12:00. ವಿವಿಧಭಾರತಿಯ 102.9 ಇಲ್ಲ, ಎಫ್.ಎಂ. ರೇನ್‌ಬೋದ 101.3 ಇಲ್ಲ. ಪೆಟ್ರೋಲು ಹಾಕಿಸಿಕೊಂಡು ಐದು ನಿಮಿಷಕ್ಕೆ ಬಂದರೂ ಅದೇ. ಪರದೆಯ ಮೇಲೆ 'ಹಲೋ' ಎಂದು, ನಮ್ಮನ್ನು ಜನ್ಮದಲ್ಲಿ ಕಂಡಿಲ್ಲವೇನೋ ಎನ್ನುವಷ್ಟು ಉತ್ಸಾಹದಿಂದ ಸ್ವಾಗತಿಸುತ್ತಿತ್ತು. ಮತ್ತೆ ಜೆ.ಸಿ. ರಸ್ತೆ. ಹುಡುಗ ನೋಡಿದವನೇ ನಕ್ಕ.

"ಹಳದಿ ಕೆಂಪು ಉಲ್ಟಾ ಆಗಿದೆ ಸಾರ್. ಕೆಲವು ಕಾರಲ್ಲಿ ಹಾಗೆ. ನೆನಪಿನ ವೈರಿಗೆ ಕೀ ಇದ್ದಾಗ ಮಾತ್ರ ಕರೆಂಟು ಬರ್ತಿದೆ. ಕೀ ತೆಗೆದ್ರೆ ಮರೆತುಹೋಗುತ್ತೆ, ಪಾಪ."

ಅದಕ್ಕೂ ಏನನ್ನೂ ಕತ್ತರಿಸಬೇಕಾಗಿರಲಿಲ್ಲ. ಅಡಾಪ್ಟರ್ ಮಾಡಿದವರಿಗೆ ಈ ಸಂಕಟ ಮೊದಲೇ ಗೊತ್ತಿತ್ತು. ಕೆಂಪು ಹಳದಿ ಎರಡಕ್ಕೂ ನಡುವೆ ಬುಲೆಟ್ ಕನೆಕ್ಟರ್ ಎಂಬ ಪುಟ್ಟ ಕೀಲು ಇಟ್ಟಿದ್ದರು. ಎರಡನ್ನೂ ಎಳೆದು, ಅದಲು ಬದಲು ಮಾಡಿ ಚುಚ್ಚಿದ. ಒಂದು ನಿಮಿಷ. ಸೆಟ್ಟಿಗೆ ಜ್ಞಾಪಕ ಬಂತು. ಅಪ್ಪ ತಮ್ಮ ಕರೆಂಟ್ ಬಿಲ್ಲಿನಲ್ಲಿ 'ಹಳದಿ – ಸದಾ' ಎಂಬುದರ ಕೆಳಗೆ ಒಂದು ಗೆರೆ ಎಳೆದರು.

ಅದಾಗಿ ಎರಡು ವರ್ಷಕ್ಕೆ ಅಪ್ಪ ಮರೆಯತೊಡಗಿದರು. ಮೊದಲು ಕನ್ನಡಕ, ಆಮೇಲೆ ತಿಂಡಿ ತಿಂದದ್ದು, ಆಮೇಲೆ ಇದು ಬೆಂಗಳೂರು ಎಂಬುದು. ಮಧ್ಯಾಹ್ನ ಮಲಗಿ ಎದ್ದರೆ ಗಡಿಯಾರ 12:00. ನನ್ನ ಹೆಂಡತಿಯನ್ನು ನೋಡಿ, ತುಂಬ ಮರ್ಯಾದೆಯಿಂದ, "ಯಾವೂರಮ್ಮ ನಿಂದು?" ಎನ್ನುತ್ತಾರೆ. ಅವಳು ದಿನವೂ, "ಹಾಸನ ಮಾವ," ಎನ್ನುತ್ತಾಳೆ. "ಓಹೋ, ನಮ್ಮ ಸೊಸೆಯದೂ ಹಾಸನವೇ," ಎಂದು ಅವರಿಗೆ ದಿನವೂ ಸಂತೋಷ. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಎಲ್ಲಿ ಏನು ಕುಗ್ಗಿದೆ ಎಂದು ವಿವರಿಸುತ್ತಿದ್ದಾಗ, ಬುಲೆಟ್ ಕನೆಕ್ಟರ್ ಎಲ್ಲಿದೆ ಎಂದು ಕೇಳಬೇಕು ಅನ್ನಿಸಿ, ಕೇಳದೆ, ತಲೆ ಆಡಿಸಿದೆ.

ಕಾರಿನಲ್ಲಿ ಕೂತಾಗಲೆಲ್ಲ ಅವರ ಬೆರಳು ಸೆಟ್ಟಿನ ಮೇಲೆ ಓಡಾಡುತ್ತದೆ. "ಕ್ಯಾಸೆಟ್ಟು ಎಲ್ಲಿ ಹಾಕೋದು?" ಪೆನ್‌ಡ್ರೈವಿಗೆ ಹರಿಶ್ಚಂದ್ರನ ಹರಿಕಥೆ ತುಂಬಿಸಿ ಹಾಕಿ ನೋಡಿದೆ, ಬೇರೆ ದಾಸರದು. ಎರಡು ನಿಮಿಷ ಕೇಳಿ, "ಇವನಲ್ಲ," ಎಂದರು.

ಕಳೆದ ದೀಪಾವಳಿಗೆ ಸಜ್ಜಾ ಶುಚಿ ಮಾಡುವಾಗ ಹಳೆಯ ಸೆಟ್ಟು ಸಿಕ್ಕಿತು. ಅಪ್ಪ ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ಉಂಡೆಯ ದಾರದಿಂದ ಕಟ್ಟಿದ್ದರು. ಆ ದಾರಕ್ಕೆ ಒಂದು ಕೆಲಸ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಹನ್ನೆರಡು ಗಂಟು. ಹೆಂಡತಿ ಕತ್ತರಿ ತಂದುಕೊಟ್ಟಳು. ನಾನು ಕನ್ನಡಕ ಹಣೆಗೇರಿಸಿ ನೆಲದ ಮೇಲೆ ಕೂತೆ. ಉಗುರು ನೋಯುವಷ್ಟು ಹೊತ್ತು ಬೇಕಾಯಿತು. ಒಳಗೆ ಸೆಟ್ಟಿನ ಜೊತೆ ಕರೆಂಟ್ ಬಿಲ್ಲು, ಸೆಟ್ಟಿನ ಬಾಯಲ್ಲಿ ಅದೇ ಕ್ಯಾಸೆಟ್ಟು.

ರೇಡಿಯೊ ರಿಪೇರಿ ಮಾಡುವ ಮುದುಕರೊಬ್ಬರು ಇನ್ನೂ ಇದ್ದಾರೆ ಎಂದು ಹುಡುಕಿ ಕೊಟ್ಟೆ. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು; ಬದಲಿಸಿ, ಹೆಡ್ಡಿಗೆ ಸ್ಪಿರಿಟ್ಟಿನ ಹತ್ತಿ ಸವರಿ ಕೊಟ್ಟರು. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಮೊಬೈಲ್ ಬೆಳಕಿನಲ್ಲಿ, ಹೊಸ ಸೆಟ್ಟನ್ನು ಎಳೆದು ಅಡಾಪ್ಟರ್ ಬಿಚ್ಚಿದೆ. ಕಂಪನಿಯ ಕಪ್ಲರ್ ಇದ್ದ ಹಾಗೇ ಇತ್ತು. ಹಳೆಯ ಸೆಟ್ಟಿನ ಬೆನ್ನಿಗೆ ಹಿಡಿದು ಒತ್ತಿದೆ. ಟಕ್ ಎಂದಿತು. ಹತ್ತು ನಿಮಿಷವೂ ಆಗಲಿಲ್ಲ. ಹಸಿರು ಗಡಿಯಾರ ಬೆಳಗಿತು.

ಅಪ್ಪನನ್ನು ಕರೆತಂದು ಕೂರಿಸಿದೆ. ನಾನು ಡ್ರೈವರ್ ಸೀಟಿನಲ್ಲಿ ಕೂತು ಕೀ ಅರ್ಧ ತಿರುಗಿಸಿದೆ. ಅವರು ಏನೂ ಕೇಳಲಿಲ್ಲ. ಕೈ ನೇರ ಹೋಗಿ ಹಿಂದಕ್ಕೆ ಸುತ್ತುವ ಗುಂಡಿ ಒತ್ತಿತು. ಚರ್‌ರ್ ಎಂದು ಪೂರ್ತಿ ಸುತ್ತಿ ನಿಂತ ಮೇಲೆ ಗಣಪತಿ ಸ್ತುತಿ. ಟೇಪು ಹಿಗ್ಗಿ ದಾಸರ ದನಿ ನೀರಿನೊಳಗಿಂದ ಬಂದ ಹಾಗಿತ್ತು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಎದುರಿಗೆ ಸಿಮೆಂಟ್ ಕಂಬ, ಕಂಬದ ಮೇಲೆ ಬಿ-14. ಪೀಠಿಕೆ ಮುಗಿಯಿತು, ವಿಶ್ವಾಮಿತ್ರರ ಕೋಪವೂ ಆಯಿತು. ಇವತ್ತು ಯಾವ ಆತುರವೂ ಇಲ್ಲ, ಎ ಸೈಡು ಬಿ ಸೈಡು ಎರಡೂ ಕೇಳಿ ಕಥೆ ಮುಗಿಸಿಯೇ ಏಳುವುದೆಂದು ನಾನು ಸೀಟು ಹಿಂದಕ್ಕೆ ಒರಗಿಸಿದೆ. ಹರಿಶ್ಚಂದ್ರ ಊರಬಾಗಿಲಿಗೆ ಬಂದ.

ಅಪ್ಪನ ಕೈ ಗುಂಡಿಗೆ ಹೋಯಿತು. ದಾಸರ ಮಾತು ಅರ್ಧಕ್ಕೆ ನಿಂತಿತು.

"ಬಂತಲ್ಲ, ಇಳಿ," ಎಂದು, ಬಾಗಿಲು ತೆಗೆದು, ಅಂಗಿಯ ಕಾಲರ್ ಸರಿಮಾಡಿಕೊಂಡು ಲಿಫ್ಟಿನ ಕಡೆ ನಡೆದರು. ಅಲ್ಲಿದ್ದ ವಾಚ್‌ಮನ್ ಎದ್ದು ನಿಂತು ಎಂದಿನಂತೆ ಸಲಾಮು ಹೊಡೆದ. ಅಪ್ಪ ಸ್ವಲ್ಪ ಬಾಗಿ, ದನಿ ತಗ್ಗಿಸಿ ಕೇಳಿದರು:

"ಸಾಹೇಬರು ಬಂದಾಯ್ತೇನಪ್ಪಾ?"

ಅವನು ಒಮ್ಮೆ ನನ್ನ ಮುಖ ನೋಡಿದ. "ಇನ್ನೂ ಇಲ್ಲ ಸಾರ್," ಎಂದ.

"ಸದ್ಯ," ಎಂದರು ಅಪ್ಪ.